ಹಳೆಯ ಕಾರಿನ ಗೇರ್‌ಬಾಕ್ಸ್ ದೀಪ: ಯಾಕೆ ಹೊತ್ತುತ್ತದೆ, ಎಲ್ಲಿಂದ ಹುಡುಕಬೇಕು

ಆಟೊಮ್ಯಾಟಿಕ್ ಕಾರಿಗೆ ವಯಸ್ಸಾದ ಮೇಲೆ ಮಾಲೀಕರ ಎದೆ ಝಲ್ಲೆನಿಸುವ ಸಂಗತಿಗಳಲ್ಲಿ ಗೇರ್‌ಬಾಕ್ಸಿನ ಎಚ್ಚರಿಕೆ ದೀಪವೇ ಮೊದಲನೆಯದು. ನಿನ್ನೆಯವರೆಗೆ ಸಲೀಸಾಗಿ ಓಡುತ್ತಿದ್ದ ಕಾರು ಇವತ್ತು ನಿಂತಲ್ಲಿಂದ ಹೊರಡುವಾಗ ಎಳೆಯುವುದೇ ಇಲ್ಲ. ಎಂಜಿನ್ ಗೊರಗುಟ್ಟುತ್ತದೆ, ವೇಗ ಮಾತ್ರ ಏರುವುದಿಲ್ಲ, ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಉರಿಯುತ್ತಿರುತ್ತದೆ. ಗ್ಯಾರೇಜಿನಲ್ಲಿ ‘ಗೇರ್‌ಬಾಕ್ಸ್ ಇಳಿಸಬೇಕಾಗುತ್ತೆ’ ಎಂಬ ಮಾತು ಬಂತೆಂದರೆ, ಕಾರಿನ ಬೆಲೆಗಿಂತ ರಿಪೇರಿ ಖರ್ಚೇ ಮಿಗಿಲಾದೀತೇ ಎಂಬ ಲೆಕ್ಕ ಶುರುವಾಗುತ್ತದೆ.

ನಿಜವಾಗಿಯೂ ಇಳಿಸಲೇಬೇಕಾದ ಗೇರ್‌ಬಾಕ್ಸ್‌ಗಳು ಇರುತ್ತವೆ. ಆದರೆ ತುಕ್ಕು ಹಿಡಿದ ಅರ್ಥ್ ಬೋಲ್ಟು, ಸೋತ ಬ್ಯಾಟರಿ, ಎಣ್ಣೆ ಅಥವಾ ನೀರು ಇಳಿದ ಕಪ್ಲರು (ವೈರುಗಳನ್ನು ಜೋಡಿಸುವ ಪ್ಲಗ್ಗು), ಸವೆದ ಬ್ರೇಕ್ ಸ್ವಿಚ್ಚು ಕೂಡ ಇದೇ ದೀಪವನ್ನು ಹೊತ್ತಿಸುತ್ತವೆ. ಇವನ್ನು ಪತ್ತೆಹಚ್ಚಲು ಏನನ್ನೂ ಇಳಿಸಬೇಕಿಲ್ಲ. ಸಾಧಾರಣ ಮಲ್ಟಿಮೀಟರ್, ಗೇರ್‌ಬಾಕ್ಸಿನ ಕೋಡ್ ಓದಬಲ್ಲ ಸ್ಕ್ಯಾನರ್, ಜೊತೆಗೆ ಕ್ರಮಬದ್ಧವಾಗಿ ಹುಡುಕುವ ತಾಳ್ಮೆ ಸಾಕು. ಆ ಕ್ರಮ ಯಾವುದು, ಯಾಕೆ ಹಾಗೆ ಎಂಬುದನ್ನು ಬುಡದಿಂದ ನೋಡೋಣ. ಕಾರನ್ನು ನೀವೇ ರಿಪೇರಿ ಮಾಡದಿದ್ದರೂ, ಗ್ಯಾರೇಜಿನಲ್ಲಿ ಯಾವ ಪ್ರಶ್ನೆ ಕೇಳಬೇಕು ಎಂಬುದಾದರೂ ಇದರಿಂದ ಗೊತ್ತಾಗುತ್ತದೆ.

ದೀಪ ಹೊತ್ತಿಸುವುದು ಯಾರು?

ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಕ್ಲಚ್ಚುಗಳಿವೆ. ಯಾವ ಕ್ಲಚ್ಚಿಗೆ ಯಾವಾಗ ಎಣ್ಣೆ ಹೋಗಬೇಕು ಎಂಬುದನ್ನು ಸೊಲೆನಾಯ್ಡ್‌ಗಳು ನಿಯಂತ್ರಿಸುತ್ತವೆ. ಸೊಲೆನಾಯ್ಡ್ ಎಂದರೆ ತಂತಿ ಸುತ್ತಿದ ಒಂದು ಸಣ್ಣ ವಿದ್ಯುತ್ ವಾಲ್ವ್. ಕರೆಂಟ್ ಕೊಟ್ಟರೆ ಒಂದು ಕಡೆಗೆ ಸರಿಯುತ್ತದೆ, ನಿಲ್ಲಿಸಿದರೆ ಹಿಂದಕ್ಕೆ ಬರುತ್ತದೆ. ಈ ಸೊಲೆನಾಯ್ಡ್‌ಗಳಿಗೆ ಆಜ್ಞೆ ಕೊಡುವುದು ಗೇರ್‌ಬಾಕ್ಸಿನ ಕಂಪ್ಯೂಟರ್. ಕೆಲವು ಕಾರುಗಳಲ್ಲಿ ಇದು ಬೇರೆ ಡಬ್ಬಿಯಾಗಿರುತ್ತದೆ, ಕೆಲವಲ್ಲಿ ಎಂಜಿನ್ ಕಂಪ್ಯೂಟರಿನ ಜೊತೆಗೇ ಸೇರಿರುತ್ತದೆ, ಇನ್ನು ಕೆಲವಲ್ಲಿ ಗೇರ್‌ಬಾಕ್ಸಿನ ಒಳಗೆ, ಎಣ್ಣೆಯಲ್ಲೇ ಮುಳುಗಿರುತ್ತದೆ.

ಈ ಕಂಪ್ಯೂಟರಿಗೆ ಕಣ್ಣಿಲ್ಲ. ಕ್ಲಚ್ಚಿನ ಪ್ಲೇಟು ಸವೆದಿದೆಯೋ ಇಲ್ಲವೋ ಎಂದು ಅದು ನೋಡಲಾರದು. ಗೇರ್‌ಬಾಕ್ಸಿಗೆ ಒಳಬರುವ ಶಾಫ್ಟಿನ ವೇಗ, ಹೊರಹೋಗುವ ಶಾಫ್ಟಿನ ವೇಗ, ಎಣ್ಣೆಯ ಬಿಸಿ, ಲಿವರ್ ಯಾವ ಸ್ಥಾನದಲ್ಲಿದೆ ಎಂಬ ಮಾಹಿತಿ ಎಲ್ಲವೂ ಅದಕ್ಕೆ ತಲುಪುವುದು ವಿದ್ಯುತ್ ಸಂಕೇತವಾಗಿಯೇ. ಆ ಸಂಕೇತ ನಿಗದಿತ ಮಿತಿಯೊಳಗೆ ಇಲ್ಲದಿದ್ದರೆ, ಅಥವಾ ತಾನು ಕೊಟ್ಟ ಆಜ್ಞೆಗೂ ಬಂದ ಉತ್ತರಕ್ಕೂ ತಾಳೆಯಾಗದಿದ್ದರೆ, ಅದು ಒಂದು ಕೋಡ್ ಬರೆದಿಟ್ಟುಕೊಂಡು ದೀಪ ಹೊತ್ತಿಸುತ್ತದೆ. ಸಂಕೇತ ಕೆಟ್ಟದ್ದು ಯಂತ್ರಭಾಗದಿಂದಲೋ, ಸೆನ್ಸರ್‌ನಿಂದಲೋ, ನಡುವಿನ ತಂತಿಯಿಂದಲೋ ಎಂಬುದು ಅದಕ್ಕೆ ಗೊತ್ತಿಲ್ಲ. ಈ ಒಂದು ಅಂಶ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಯಾವ ದೀಪ, ಯಾವ ಬಣ್ಣ

ಕಾರಿನ ದೀಪಗಳ ಚಿಹ್ನೆಗಳಿಗೆ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕೆಂಪು ದೀಪ ಎಂದರೆ ಅಪಾಯ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಹಳದಿ ಎಂದರೆ ದೋಷವಿದೆ, ಬೇಗ ಪರೀಕ್ಷಿಸಿ. ಹಸಿರು, ನೀಲಿ ಬರೀ ಮಾಹಿತಿ. ಗೇರ್ ಚಕ್ರದೊಳಗೆ ಆಶ್ಚರ್ಯಸೂಚಕ ಚಿಹ್ನೆ ಅಥವಾ ಥರ್ಮಾಮೀಟರ್ ಇರುವ ದೀಪ ಗೇರ್‌ಬಾಕ್ಸಿನದು. ಥರ್ಮಾಮೀಟರ್ ಇದ್ದರೆ ಎಣ್ಣೆ ಕಾದಿದೆ ಎಂದರ್ಥ.

ಹಳೆಯ ಕಾರುಗಳ ತೊಂದರೆ ಏನೆಂದರೆ ಹಲವದರಲ್ಲಿ ಇದಕ್ಕೆಂದೇ ಪ್ರತ್ಯೇಕ ದೀಪ ಇಲ್ಲ. ಇದ್ದ ದೀಪವನ್ನೇ ತಯಾರಕರು ಇನ್ನೊಂದು ಕೆಲಸಕ್ಕೆ ಬಳಸಿದ್ದಾರೆ. ಹಳೆಯ ಹೋಂಡಾ ಕಾರುಗಳಲ್ಲಿ ‘ಡಿ4’ ಅಥವಾ ‘ಡಿ’ ಅಕ್ಷರ ಮಿನುಗತೊಡಗುತ್ತದೆ. ಹಳೆಯ ಟೊಯೋಟಾಗಳಲ್ಲಿ ಓವರ್‌ಡ್ರೈವ್ (ಎಲ್ಲಕ್ಕಿಂತ ಮೇಲಿನ ಗೇರ್) ಆಫ್ ದೀಪ ಮಿನುಗುತ್ತದೆ. ಅದು ಸುಮ್ಮನೆ ಉರಿದರೆ ಓವರ್‌ಡ್ರೈವ್ ಬಟನ್ ಒತ್ತಿದ್ದೀರಿ ಎಂದಷ್ಟೇ ಅರ್ಥ, ಮಿನುಗಿದರೆ ಮಾತ್ರ ದೋಷ. ಫೋಕ್ಸ್‌ವ್ಯಾಗನ್ ಬಳಗದ ಹಲವು ಕಾರುಗಳಲ್ಲಿ ಪಿ, ಆರ್, ಎನ್, ಡಿ ಅಕ್ಷರಗಳೆಲ್ಲ ಒಮ್ಮೆಗೇ ಬೆಳಗುತ್ತವೆ. ಹಾಗಾಗಿ ನಿಮ್ಮ ಕಾರಿನಲ್ಲಿ ಯಾವ ದೀಪಕ್ಕೆ ಯಾವ ಅರ್ಥ ಎಂಬುದನ್ನು ಕಾರಿನ ಕೈಪಿಡಿಯಲ್ಲೇ ನೋಡಿಕೊಳ್ಳಬೇಕು.

ಹಳೆಯ ಕಾರು ಕೊಳ್ಳುವವರು ಇನ್ನೊಂದನ್ನು ಮರೆಯಬಾರದು. ಕೀಲಿ ಆನ್ ಮಾಡಿದಾಗ, ಎಂಜಿನ್ ಶುರುವಾಗುವ ಮುನ್ನ, ಎಚ್ಚರಿಕೆ ದೀಪಗಳು ಒಮ್ಮೆ ಹೊತ್ತಿ ತೋರಿಸಬೇಕು. ಎಂಜಿನ್ ಚೆಕ್ ದೀಪ ಆ ಹೊತ್ತಿನಲ್ಲೂ ಕತ್ತಲಾಗಿಯೇ ಇದ್ದರೆ, ಒಂದೋ ಬಲ್ಬ್ ಹೋಗಿದೆ, ಇಲ್ಲವೇ ಯಾರೋ ಬೇಕೆಂದೇ ತೆಗೆದಿದ್ದಾರೆ. ದೀಪ ಉರಿಯದ ಕಾರು ದೋಷವಿಲ್ಲದ ಕಾರು ಎಂದು ನಂಬಿ ಕೊಂಡವರು ಮೋಸ ಹೋಗುವುದು ಇಲ್ಲಿಯೇ.

ಒಂದೇ ಗೇರಿನಲ್ಲಿ ಸಿಕ್ಕಿಕೊಂಡ ಕಾರು

ದೀಪದ ಜೊತೆಗೆ ಕಾರು ಒಂದೇ ಗೇರಿನಲ್ಲಿ ಓಡುತ್ತಿದ್ದರೆ ಅದು ‘ಲಿಂಪ್ ಮೋಡ್’ಗೆ ಹೋಗಿದೆ ಎಂದರ್ಥ. ಕುಂಟುತ್ತಲಾದರೂ ಮನೆ ಸೇರುವ ವ್ಯವಸ್ಥೆ ಇದು. ಕಂಪ್ಯೂಟರಿಗೆ ತನ್ನ ಮಾಹಿತಿಯ ಮೇಲೆ ನಂಬಿಕೆ ಹೋದಾಗ ಅದು ಸೊಲೆನಾಯ್ಡ್‌ಗಳಿಗೆ ಕೊಡುವ ಕರೆಂಟನ್ನೇ ನಿಲ್ಲಿಸಿಬಿಡುತ್ತದೆ. ಕರೆಂಟ್ ಇಲ್ಲದೆಯೂ ಎಣ್ಣೆಯ ದಾರಿ ಒಂದು ಗೇರನ್ನು ಹಿಡಿದುಕೊಳ್ಳುವಂತೆ ಗೇರ್‌ಬಾಕ್ಸನ್ನು ಕಟ್ಟಿರುತ್ತಾರೆ. ಸಾಮಾನ್ಯವಾಗಿ ಅದು ಎರಡನೆಯದೋ ಮೂರನೆಯದೋ ಆಗಿರುತ್ತದೆ, ರಿವರ್ಸ್ ಕೂಡ ಕೆಲಸ ಮಾಡುತ್ತದೆ.

ಇಲ್ಲಿ ಒಂದು ಉಪಯುಕ್ತ ಸುಳಿವಿದೆ. ಕಾರು ನಿಲ್ಲಿಸಿ, ಕೀಲಿ ಆಫ್ ಮಾಡಿ ಮತ್ತೆ ಶುರು ಮಾಡಿದಾಗ ಗೇರುಗಳೆಲ್ಲ ಮಾಮೂಲಿನಂತೆ ಬಿದ್ದು, ಸ್ವಲ್ಪ ದೂರ ಹೋದ ಮೇಲೆ ಹೊಂಡ ದಾಟುವಾಗಲೋ ಎಂಜಿನ್ ಕಾದಾಗಲೋ ಮತ್ತೆ ಸಿಕ್ಕಿಕೊಂಡರೆ, ಮೊದಲ ಅನುಮಾನ ವಿದ್ಯುತ್ ಕಡೆಗೆ ಹೋಗಬೇಕು. ಸುಟ್ಟ ಕ್ಲಚ್ ಪ್ಲೇಟು ಕೀಲಿ ತಿರುಗಿಸಿದ ಮಾತ್ರಕ್ಕೆ ಸರಿಹೋಗುವುದಿಲ್ಲ.

ಮೊದಲು ಬ್ಯಾಟರಿ, ಆಮೇಲೆ ಉಳಿದದ್ದು

ಗೇರ್‌ಬಾಕ್ಸ್ ದೀಪಕ್ಕೂ ಬ್ಯಾಟರಿಗೂ ಏನು ಸಂಬಂಧ ಎಂದು ಕೇಳಬಹುದು. ಕಂಪ್ಯೂಟರ್‌ಗಳು, ಸೊಲೆನಾಯ್ಡ್‌ಗಳು ಎಲ್ಲವೂ ನಡೆಯುವುದು ಬ್ಯಾಟರಿಯ ವೋಲ್ಟೇಜಿನ ಮೇಲೆ. ಅದು ಕುಸಿದರೆ ಸೊಲೆನಾಯ್ಡ್ ಪೂರ್ತಿ ಸರಿಯುವುದಿಲ್ಲ, ಕಂಪ್ಯೂಟರ್‌ಗಳ ನಡುವಿನ ಸಂಪರ್ಕ ಕಡಿಯುತ್ತದೆ, ಇಲ್ಲದ ದೋಷಗಳಿಗೆಲ್ಲ ಕೋಡ್ ಬೀಳುತ್ತದೆ. ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್, ಗೇರ್‌ಬಾಕ್ಸ್ ದೀಪಗಳು ಒಟ್ಟಿಗೇ ಹೊತ್ತಿಕೊಂಡವು ಎಂದರೆ ಅಷ್ಟೂ ಭಾಗಗಳು ಒಂದೇ ದಿನ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಅವೆಲ್ಲಕ್ಕೂ ಸಮಾನವಾದದ್ದು ಬ್ಯಾಟರಿ, ಎಂಜಿನ್ ಓಡುವಾಗ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್, ಮತ್ತು ಅರ್ಥ್.

ಕಾರು ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯ ಎರಡು ಕಂಬಗಳ ನಡುವೆ ಮೀಟರ್ ಹಿಡಿದರೆ ಸುಮಾರು 12.6 ವೋಲ್ಟ್ ತೋರಿಸಬೇಕು. 12.4 ಇದ್ದರೆ ಮುಕ್ಕಾಲು ಭಾಗ ಚಾರ್ಜ್ ಇದೆ, 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗಿಳಿದಿದ್ದರೆ ಬರಿದಾಗಿದೆ. ಆದರೆ ಈ ಅಂಕಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ನಿಂತಾಗ 12.6 ತೋರಿಸುವ ಹಳೆಯ ಬ್ಯಾಟರಿ ಸೆಲ್ಫ್ ಹೊಡೆದ ಕ್ಷಣ ಕುಸಿಯಬಹುದು. ಆದ್ದರಿಂದ ಮೀಟರ್ ಹಾಗೇ ಹಿಡಿದುಕೊಂಡು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡಲೇಬೇಕು.

ಎಂಜಿನ್ ಓಡುತ್ತಿರುವಾಗ ಹಳೆಯ ಕಾರುಗಳಲ್ಲಿ ಸುಮಾರು 13.8ರಿಂದ 14.5 ವೋಲ್ಟ್ ಬರಬೇಕು. ಹೆಡ್‌ಲೈಟ್, ಬ್ಲೋವರ್, ಹಿಂಬದಿ ಗಾಜಿನ ಹೀಟರ್ ಎಲ್ಲ ಹಾಕಿದಾಗಲೂ 13ಕ್ಕಿಂತ ಕೆಳಗೆ ಇಳಿಯಬಾರದು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ.

ಹಲವರು ಇಲ್ಲಿಗೆ ಪರೀಕ್ಷೆ ನಿಲ್ಲಿಸುತ್ತಾರೆ, ನಿಲ್ಲಿಸಬಾರದು. ಆಲ್ಟರ್ನೇಟರ್ ಹುಟ್ಟಿಸುವುದು ಎಸಿ ಕರೆಂಟ್, ಅದನ್ನು ಡಿಸಿ ಮಾಡುವುದು ಅದರೊಳಗಿನ ಡಯೋಡ್‌ಗಳು. ಒಂದು ಡಯೋಡ್ ಹೋದರೂ ಸರಾಸರಿ ವೋಲ್ಟೇಜ್ 14ರ ಹತ್ತಿರವೇ ಇರಬಹುದು, ಆದರೆ ಅದರೊಳಗೆ ಏರಿಳಿತ ಸೇರಿಕೊಂಡಿರುತ್ತದೆ. ವೇಗದ ಸೆನ್ಸರ್‌ಗಳ ಸಂಕೇತಕ್ಕೆ ಈ ಏರಿಳಿತ ಬೆರೆತರೆ ಗೇರ್ ಯಾವಾಗ ಬದಲಿಸಬೇಕೆಂದು ಕಂಪ್ಯೂಟರಿಗೆ ಗೊಂದಲವಾಗುತ್ತದೆ. ಎಂಜಿನ್ ಓಡುತ್ತಿರುವಾಗಲೇ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡಯೋಡ್‌ಗಳನ್ನು ಪರೀಕ್ಷಿಸಬೇಕು. ಹೆಚ್ಚು ಜನ ಮಾಡದ ಪರೀಕ್ಷೆ ಇದು. ಮಾಡಲು ಬೇಕಾದದ್ದು ಒಂದು ನಿಮಿಷ ಮಾತ್ರ.

ಅರ್ಥ್: ಹಳೆಯ ಕಾರಿನ ಅರ್ಧ ವೈರಿಂಗ್

ಕಾರಿನಲ್ಲಿ ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ಕರೆಂಟ್ ವೈರುಗಳ ಮೂಲಕ ಬಲ್ಬಿಗೋ ಮೋಟರಿಗೋ ಹೋಗುತ್ತದೆ. ಹಿಂದಿರುಗಿ ನೆಗೆಟಿವ್‌ಗೆ ಬರುವುದು ಕಾರಿನ ಕಬ್ಬಿಣದ ಮೈಯ ಮೂಲಕ. ಈ ಹಿಂದಿರುಗುವ ದಾರಿಗೇ ಅರ್ಥ್ ಎನ್ನುವುದು. ಬ್ಯಾಟರಿಯಿಂದ ಬಾಡಿಗೆ ಒಂದು ದಪ್ಪ ಕೇಬಲ್, ಎಂಜಿನ್ ಮತ್ತು ಗೇರ್‌ಬಾಕ್ಸಿನಿಂದ ಬಾಡಿಗೆ ಒಂದೆರಡು ಹೆಣೆದ ಪಟ್ಟಿಗಳು, ಒಳಗೆ ಅಲ್ಲಲ್ಲಿ ಬೋಲ್ಟು ಬಿಗಿದ ಕಂದು ಅಥವಾ ಕಪ್ಪು ವೈರುಗಳು. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಆ ಹೆಣೆದ ಪಟ್ಟಿಯೇ ಅವಕ್ಕೆ ಮುಖ್ಯ ದಾರಿ.

ವರ್ಷಗಳು ಕಳೆದಂತೆ ಬೋಲ್ಟಿನ ಕೆಳಗೆ ತುಕ್ಕು ಸೇರುತ್ತದೆ, ಪಟ್ಟಿಯ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಹೊರಗಿನಿಂದ ನೋಡಿದರೆ ಎಲ್ಲ ಗಟ್ಟಿಯಾಗಿಯೇ ಕಾಣುತ್ತದೆ. ಆಗ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಸೆಲ್ಫ್ ಮೋಟರ್ 150 ಆಂಪಿಯರ್ ಎಳೆಯುತ್ತಿದೆ ಎಂದುಕೊಳ್ಳಿ. ಅರ್ಥ್ ಜೋಡಣೆಯಲ್ಲಿ ಒಂದು ಓಮಿನ ನೂರರಲ್ಲೊಂದು ಭಾಗ, ಅಂದರೆ 0.01 ಓಮ್ ತಡೆ ಇದ್ದರೂ 150ನ್ನು 0.01ರಿಂದ ಗುಣಿಸಿದಷ್ಟು, ಒಂದೂವರೆ ವೋಲ್ಟ್, ಅಲ್ಲೇ ನಷ್ಟವಾಗುತ್ತದೆ. 0.01 ಓಮ್ ತಡೆಯನ್ನು ಸಾಧಾರಣ ಮಲ್ಟಿಮೀಟರಿನ ಓಮ್ ಮಾಪನ ತೋರಿಸಲಾರದು. ಅದಕ್ಕೇ ಅದು ‘ಸೊನ್ನೆ, ಎಲ್ಲ ಸರಿಯಿದೆ’ ಎಂದು ಹೇಳಿ ನಮ್ಮನ್ನು ದಾರಿ ತಪ್ಪಿಸುತ್ತದೆ.

ದಪ್ಪ ದಾರಿ ಕೆಟ್ಟಾಗ ಕರೆಂಟ್ ಸುಮ್ಮನಿರುವುದಿಲ್ಲ, ಸಿಕ್ಕ ಬೇರೆ ದಾರಿ ಹಿಡಿಯುತ್ತದೆ. ಗೇರ್ ಲಿವರಿನ ಕೇಬಲ್, ಸೆನ್ಸರ್ ವೈರಿನ ಮೇಲಿನ ಲೋಹದ ಕವಚ, ಕಂಪ್ಯೂಟರಿನ ತೆಳು ಅರ್ಥ್ ವೈರು, ಯಾವುದಾದರೂ ಆದೀತು. ಹೆಡ್‌ಲೈಟ್ ಹಾಕಿದರೆ ಗೇರ್‌ಬಾಕ್ಸ್ ದೀಪ ಹೊತ್ತುವುದು, ಇಂಡಿಕೇಟರ್ ಹಾಕಿದಾಗ ಮೀಟರಿನ ಮುಳ್ಳು ಕುಣಿಯುವುದು, ಬ್ರೇಕ್ ತುಳಿದರೆ ಬೇರೆ ಯಾವುದೋ ದೀಪ ಮಿನುಗುವುದು, ಇಂಥ ವಿಚಿತ್ರಗಳ ಹಿಂದೆ ಹೆಚ್ಚಾಗಿ ಇರುವುದು ಇದೇ.

ಅರ್ಥ್ ಪರೀಕ್ಷಿಸುವ ಸರಿಯಾದ ವಿಧಾನಕ್ಕೆ ‘ವೋಲ್ಟೇಜ್ ಡ್ರಾಪ್’ ಪರೀಕ್ಷೆ ಎನ್ನುತ್ತಾರೆ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಒತ್ತಿ. ಟರ್ಮಿನಲ್ ಕ್ಲಾಂಪಿಗೆ ಬೇಡ, ಸೀಸದ ಕಂಬಕ್ಕೇ ಒತ್ತಬೇಕು, ಯಾಕೆಂದರೆ ದೋಷ ಆ ಎರಡರ ನಡುವೆಯೇ ಇರಬಹುದು. ಇನ್ನೊಂದು ಕಡ್ಡಿಯನ್ನು ಗೇರ್‌ಬಾಕ್ಸಿನ ಲೋಹದ ಮೈಮೇಲೆ ಬಣ್ಣವಿಲ್ಲದ ಜಾಗದಲ್ಲಿ ಒತ್ತಿ. ಈಗ ಎಂಜಿನ್ ಶುರು ಮಾಡಿ ಹೆಡ್‌ಲೈಟ್, ಬ್ಲೋವರ್ ಹಾಕಿ. ಎರಡು ಜಾಗವೂ ‘ನೆಗೆಟಿವ್’ ಆದ್ದರಿಂದ ಮೀಟರ್ ಸೊನ್ನೆಯ ಹತ್ತಿರ ಇರಬೇಕು. 0.1 ವೋಲ್ಟ್ ಒಳಗಿದ್ದರೆ ಒಳ್ಳೆಯದು, 0.2 ದಾಟಿದರೆ ಆ ದಾರಿಯಲ್ಲಿ ಎಲ್ಲೋ ತಡೆ ಇದೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟಿನವರೆಗೆ ಸಹಿಸಬಹುದು. ಅಂಕಿ ಹೆಚ್ಚು ಬಂದರೆ ಕಡ್ಡಿಯನ್ನು ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಕೇಬಲಿನ ತುದಿಗೆ, ಅಲ್ಲಿಂದ ಬಾಡಿಗೆ ಒಂದೊಂದೇ ಹೆಜ್ಜೆ ಸರಿಸುತ್ತ ಹೋಗಿ. ಅಂಕಿ ಎಲ್ಲಿ ಧುತ್ತನೆ ಬದಲಾಗುತ್ತದೋ ಅಲ್ಲೇ ರೋಗ. ಬೋಲ್ಟು ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದು, ಮೇಲೆ ತುಕ್ಕು ತಡೆಯುವ ಗ್ರೀಸ್ ಬಳಿದರೆ ಮುಗಿಯಿತು.

ಇಡೀ ಲೇಖನದಲ್ಲಿ ಒಂದನ್ನೇ ಕಲಿಯಿರಿ ಎಂದರೆ ನಾನು ಈ ಪರೀಕ್ಷೆಯನ್ನೇ ತೋರಿಸುತ್ತೇನೆ. ಫ್ಯೂಸ್, ರಿಲೇ, ಪಾಸಿಟಿವ್ ವೈರು ಯಾವುದಕ್ಕಾದರೂ ಇದೇ ವಿಧಾನ ನಡೆಯುತ್ತದೆ.

ಕೋಡ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಅಮೆರಿಕದಲ್ಲಿ 1996ರ ಮಾದರಿ ವರ್ಷದಿಂದ ಕಾರುಗಳಿಗೆ ಒಬಿಡಿ-2 ಎಂಬ ಏಕರೂಪದ ದೋಷಪತ್ತೆ ವ್ಯವಸ್ಥೆ ಕಡ್ಡಾಯವಾಯಿತು. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಅದೇ ಬಗೆಯ ನಿಯಮ ಬಂತು. ಸ್ಟೀರಿಂಗಿನ ಕೆಳಗೆ ಅಥವಾ ಆಸುಪಾಸಿನಲ್ಲಿ 16 ಪಿನ್ನುಗಳ ಸಾಕೆಟ್ ಇರುತ್ತದೆ, ಸ್ಕ್ಯಾನರನ್ನು ಚುಚ್ಚುವುದು ಅಲ್ಲಿಗೆ. ಅದಕ್ಕಿಂತ ಹಳೆಯ ಕಾರುಗಳಲ್ಲಿ ಒಂದೊಂದು ಕಂಪನಿಯದು ಒಂದೊಂದು ರೀತಿ. ಕೆಲವದರಲ್ಲಿ ಕೈಪಿಡಿ ಹೇಳುವ ಎರಡು ಪಿನ್ನುಗಳನ್ನು ಜೋಡಿಸಿದರೆ ದೀಪವೇ ಮಿನುಗಿ ಕೋಡ್ ತಿಳಿಸುತ್ತದೆ. ಮಿನುಗುಗಳನ್ನು ಎಣಿಸಿ ಪಟ್ಟಿ ನೋಡಬೇಕು. ಯಾವ ಪಿನ್ನು ಎಂಬುದು ಖಚಿತವಾಗದೆ ಜೋಡಿಸಿದರೆ ಕಂಪ್ಯೂಟರ್ ಸುಡಬಹುದು.

ಗೇರ್‌ಬಾಕ್ಸ್ ತೊಂದರೆಯಲ್ಲಿ ಪದೇಪದೇ ಕಾಣುವ ಕೋಡ್ ಪಿ0700. ಇದನ್ನು ಓದಿ ಗೇರ್‌ಬಾಕ್ಸ್ ಹೋಯಿತು ಎಂದುಕೊಳ್ಳುವವರು ಬಹಳ. ಪಿ0700 ಮನೆಬಾಗಿಲ ಕರೆಗಂಟೆ ಇದ್ದಂತೆ. ಯಾರೋ ಬಂದಿದ್ದಾರೆ ಎಂದು ತಿಳಿಯುತ್ತದೆ, ಬಂದವರು ಯಾರೆಂದು ತಿಳಿಯಬೇಕಾದರೆ ಬಾಗಿಲು ತೆರೆಯಬೇಕು. ಗೇರ್‌ಬಾಕ್ಸಿನ ಕಂಪ್ಯೂಟರ್ ಎಂಜಿನ್ ಕಂಪ್ಯೂಟರಿಗೆ ‘ನನ್ನ ಬಳಿ ಒಂದು ಕೋಡ್ ಇದೆ, ದೀಪ ಹೊತ್ತಿಸು’ ಎಂದು ಕೇಳಿದ್ದಷ್ಟೇ ಇದರ ಅರ್ಥ. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಕರೆಗಂಟೆಯಲ್ಲೇ ನಿಲ್ಲುತ್ತದೆ. ಅಸಲು ಕೋಡ್ ಇರುವುದು ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ, ಅದನ್ನು ಓದಬಲ್ಲ ಉಪಕರಣವೇ ಬೇಕು.

ಒಳಗಿನ ಕೋಡುಗಳಲ್ಲಿ ಕೆಲವನ್ನು ತಿಳಿದಿದ್ದರೆ ಒಳ್ಳೆಯದು. ಪಿ0705 ಲಿವರ್ ಸ್ಥಾನದ ಸ್ವಿಚ್ಚಿಗೆ ಸೇರಿದ್ದು, ಪಿ0715 ಒಳಬರುವ ವೇಗದ ಸೆನ್ಸರಿಗೆ, ಪಿ0720 ಹೊರಹೋಗುವ ವೇಗದ ಸೆನ್ಸರಿಗೆ, ಪಿ0740 ಟಾರ್ಕ್ ಕನ್ವರ್ಟರಿನ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಲಾಕ್ ಕ್ಲಚ್ಚಿಗೆ, ಪಿ0750 ಮೊದಲ ಶಿಫ್ಟ್ ಸೊಲೆನಾಯ್ಡಿಗೆ. ಪಿ0562 ಎಂದರೆ ವೋಲ್ಟೇಜ್ ಕಡಿಮೆ. ಇದು ಉಳಿದ ಕೋಡುಗಳ ಜೊತೆಗಿದ್ದರೆ ಮಿಕ್ಕವನ್ನೆಲ್ಲ ಬದಿಗಿಟ್ಟು ಬ್ಯಾಟರಿ ಮತ್ತು ಅರ್ಥ್ ಕಡೆಗೇ ಮೊದಲು ಹೋಗಬೇಕು.

ಪಿ0730 ಎಂಬ ಕೋಡನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಗೇರಿನ ಅನುಪಾತ ತಪ್ಪಾಗಿದೆ ಎಂದು ಅದರ ಅರ್ಥ. ಒಂದಕ್ಕೆ ಒಂದು ಅನುಪಾತ ಇರುವ ಗೇರಿನಲ್ಲಿ ಒಳಶಾಫ್ಟ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಹೊರಶಾಫ್ಟೂ 2000 ಸುತ್ತಬೇಕು. 1700 ಎಂದು ಬಂದರೆ ಕಂಪ್ಯೂಟರಿನ ಲೆಕ್ಕ ತಪ್ಪುತ್ತದೆ. ಕ್ಲಚ್ ಜಾರುತ್ತಿದ್ದರೂ ಹೀಗಾಗುತ್ತದೆ, ಹೊರಶಾಫ್ಟಿನ ಸೆನ್ಸರ್ ಸುಳ್ಳು ಹೇಳುತ್ತಿದ್ದರೂ ಹೀಗೇ ಆಗುತ್ತದೆ. ಬೇರ್ಪಡಿಸುವುದು ಹೇಗೆ? ಸ್ಕ್ಯಾನರಿನಲ್ಲಿ ಎರಡೂ ವೇಗಗಳನ್ನು ಓಡುವಾಗ ಗಮನಿಸಬೇಕು, ಇನ್ನೊಬ್ಬರು ಕಾರು ಓಡಿಸಬೇಕು. ಕ್ಲಚ್ ಜಾರಿದರೆ ಎಂಜಿನ್ ಸದ್ದು ಏರುವುದು ಕಿವಿಗೇ ಕೇಳುತ್ತದೆ, ಅಂಕಿ ನಿಧಾನವಾಗಿ ದೂರ ಸರಿಯುತ್ತದೆ. ಸೆನ್ಸರ್ ಅಥವಾ ವೈರಿನ ದೋಷವಾದರೆ ಕಾರು ಸರಾಗವಾಗಿ ಹೋಗುತ್ತಿರುವಾಗಲೇ ಅಂಕಿ ಥಟ್ಟನೆ ಸೊನ್ನೆಗೆ ಬಿದ್ದು ಮತ್ತೆ ಏಳುತ್ತದೆ.

ಯು ಅಕ್ಷರದಿಂದ ಶುರುವಾಗುವ ಕೋಡುಗಳು ಕಂಪ್ಯೂಟರ್‌ಗಳ ನಡುವಿನ ಮಾತುಕತೆ ನಿಂತದ್ದನ್ನು ಹೇಳುತ್ತವೆ. ಯು0101 ಎಂದರೆ ಗೇರ್‌ಬಾಕ್ಸ್ ಕಂಪ್ಯೂಟರಿನ ಜೊತೆ ಸಂಪರ್ಕವಿಲ್ಲ. ಈ ಮಾತುಕತೆ ನಡೆಯುವುದು ಹೆಚ್ಚಾಗಿ ಕ್ಯಾನ್ ಎಂಬ ಎರಡು ತಿರುಚಿದ ವೈರುಗಳ ಮೇಲೆ. ಬಾಷ್ ಕಂಪನಿ 1986ರಲ್ಲಿ ಲೋಕಕ್ಕೆ ಪರಿಚಯಿಸಿದ ಪದ್ಧತಿ ಇದು. ಎರಡು ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಬಿಚ್ಚಿ 16 ಪಿನ್ನಿನ ಸಾಕೆಟ್ಟಿನಲ್ಲಿ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ ಎರಡೂ ಸೇರಿ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ಕಡೆ ವೈರು ತುಂಡಾಗಿದೆ ಅಥವಾ ಕಪ್ಲರು ಕಳಚಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರು ಒಂದಕ್ಕೊಂದು ತಾಗಿವೆ. ಕ್ಯಾನ್ ಇಲ್ಲದ ಇನ್ನೂ ಹಳೆಯ ಕಾರುಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ.

ಕೋಡ್ ಅಳಿಸುವ ಮುನ್ನ ಅದರ ಫೋಟೊ ತೆಗೆದುಕೊಳ್ಳಿ. ದೋಷ ಬಿದ್ದ ಕ್ಷಣದ ವೇಗ, ಬಿಸಿ, ಎಂಜಿನ್ ಸುತ್ತುಗಳ ದಾಖಲೆಯೂ ಜೊತೆಗಿರುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಅಳಿಸಿದರೆ ಅದೂ ಹೋಗುತ್ತದೆ.

ವೈರು, ಕಪ್ಲರು, ಸ್ವಿಚ್ಚು

ಬ್ಯಾಟರಿ, ಅರ್ಥ್ ಸರಿಯಿದ್ದು ಕೋಡ್ ಮತ್ತೆ ಬಂದರೆ ಆ ಕೋಡ್ ತೋರಿಸಿದ ವೈರನ್ನು ತುದಿಯಿಂದ ತುದಿಗೆ ಹಿಡಿದು ನೋಡಬೇಕು. ಗೇರ್‌ಬಾಕ್ಸಿಗೆ ಹೋಗುವ ದೊಡ್ಡ ಕಪ್ಲರ್ ಬಿಚ್ಚಿ ಒಳಗೆ ಟಾರ್ಚ್ ಹಾಕಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ನೀರು ಸೇರಿದೆ. ಪಿನ್ನು ಹಿಂದಕ್ಕೆ ಸರಿದಿರಬಹುದು, ಸಡಿಲವಾಗಿರಬಹುದು.

ಎಣ್ಣೆ ಕಂಡರೆ? ಇದಕ್ಕೆ ಪ್ರಸಿದ್ಧ ಉದಾಹರಣೆ ಮರ್ಸಿಡಿಸ್ ಬೆಂಜ್‌ನ 722.6 ಎಂಬ ಐದು ಗೇರಿನ ಗೇರ್‌ಬಾಕ್ಸ್. ತೊಂಬತ್ತರ ದಶಕದ ನಡುವಿನಿಂದ ಹಲವು ಮಾದರಿಗಳಲ್ಲಿ ಬಂದದ್ದು. ಅದರ ಪಕ್ಕದಲ್ಲಿ 13 ಪಿನ್ನುಗಳ ಒಂದು ಕಪ್ಲರ್ ಇದೆ, ಒಳಗಿನ ಎಣ್ಣೆ ಹೊರಬಾರದಂತೆ ಅದಕ್ಕೆ ಸಣ್ಣ ರಬ್ಬರ್ ಉಂಗುರಗಳು. ಉಂಗುರ ಗಟ್ಟಿಯಾದ ಮೇಲೆ ಎಣ್ಣೆ ಕಪ್ಲರಿನೊಳಗೆ ಜಿನುಗುತ್ತದೆ. ಅಲ್ಲಿಗೆ ನಿಲ್ಲದೆ ವೈರಿನೊಳಗಿನ ತಾಮ್ರದ ಎಳೆಗಳ ಸಂದಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಅಡಿಯಲ್ಲೇ ಮೇಲೇರುತ್ತ ಕಂಪ್ಯೂಟರಿನವರೆಗೂ ತಲುಪಿಬಿಡುತ್ತದೆ. ಗೇರ್‌ಬಾಕ್ಸ್ ಎರಡನೇ ಗೇರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಂಪ್ಯೂಟರಿನ ಕಪ್ಲರ್ ಬಿಚ್ಚಿದರೆ ಪಿನ್ನುಗಳ ನಡುವೆ ಕೆಂಪು ಎಣ್ಣೆ ಕಾಣಿಸುತ್ತದೆ. ಬೇಗ ಕಂಡುಕೊಂಡರೆ ಒಂದು ಸಣ್ಣ ಕಪ್ಲರ್ ಬದಲಿಸಿ, ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ಮುಗಿಸಬಹುದಾದ ಕೆಲಸ ಇದು. ಇದೇ ಲಕ್ಷಣ ನೋಡಿ ಗೇರ್‌ಬಾಕ್ಸ್ ಇಳಿಸಿದರೆ ಎಷ್ಟು ಅನ್ಯಾಯ ಎಂದು ಯೋಚಿಸಿ.

ಗೇರ್ ಲಿವರಿನ ಸ್ಥಾನ ಹೇಳುವ ಸ್ವಿಚ್ಚು ಸಾಮಾನ್ಯವಾಗಿ ಗೇರ್‌ಬಾಕ್ಸಿನ ಹೊರಮೈಯಲ್ಲೇ, ನೀರು ಕೆಸರು ಎರಚುವ ಜಾಗದಲ್ಲಿರುತ್ತದೆ. ‘ಪಿ’ಯಲ್ಲಿ ಸೆಲ್ಫ್ ಹೊಡೆಯದೆ ‘ಎನ್’ನಲ್ಲಿ ಹೊಡೆಯುವುದು, ರಿವರ್ಸ್ ಗೇರ್ ಬಿದ್ದರೂ ರಿವರ್ಸ್ ಲೈಟ್ ಉರಿಯದಿರುವುದು ಇದು ಸೋತದ್ದರ ಗುರುತು. ಬ್ರೇಕ್ ಪೆಡಲಿನ ಸ್ವಿಚ್ಚು ಇನ್ನೂ ಚಿಕ್ಕದು. ಅದು ಕೆಟ್ಟರೆ ಅಥವಾ ಬ್ರೇಕ್ ಲೈಟಿನ ಫ್ಯೂಸ್ ಹೋದರೆ ಹಲವು ಕಾರುಗಳಲ್ಲಿ ಲಿವರ್ ‘ಪಿ’ಯಿಂದ ಹೊರಕ್ಕೇ ಬರುವುದಿಲ್ಲ, ಯಾಕೆಂದರೆ ಬ್ರೇಕ್ ತುಳಿದದ್ದು ಕಂಪ್ಯೂಟರಿಗೆ ಗೊತ್ತೇ ಆಗಿಲ್ಲ. ಲಿವರ್ ಜಾಮ್ ಆದಾಗ ಮೊದಲು ಬ್ರೇಕ್ ತುಳಿದು, ಹಿಂದೆ ಬ್ರೇಕ್ ಲೈಟ್ ಉರಿಯುತ್ತದೆಯೇ ಎಂದು ಇನ್ನೊಬ್ಬರಿಂದ ನೋಡಿಸಿ.

ಸೊಲೆನಾಯ್ಡ್ ಕೋಡ್ ಬಂದಿದ್ದರೆ ಕಪ್ಲರ್ ಬಿಚ್ಚಿ, ಗೇರ್‌ಬಾಕ್ಸಿನ ಕಡೆಯ ಪಿನ್ನುಗಳಲ್ಲಿ ಓಮ್ ಅಳೆಯಬಹುದು. ಬರೀ ತೆರೆದು ಮುಚ್ಚುವ ಬಗೆಯ ಸೊಲೆನಾಯ್ಡ್ ಹಲವು ಕಾರುಗಳಲ್ಲಿ 10ರಿಂದ 25 ಓಮಿನೊಳಗೆ, ಒತ್ತಡ ನಿಯಂತ್ರಿಸುವಂಥದ್ದು 3ರಿಂದ 7 ಓಮಿನೊಳಗೆ ಇರುತ್ತದೆ. ನಿಖರ ಅಂಕಿ ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿದೆ. ಇಲ್ಲಿ ಸರಿಯಾದ ಅಂಕಿ ಬಂದು, ಅದೇ ವೈರಿನ ಕಂಪ್ಯೂಟರ್ ಕಡೆಯ ತುದಿಯಲ್ಲಿ ಅಳೆದಾಗ ಹೆಚ್ಚು ಬಂದರೆ ಸೊಲೆನಾಯ್ಡ್ ಸರಿಯಿದೆ, ನಡುವಿನ ವೈರು ಕೆಟ್ಟಿದೆ. ಅಂಕಿ ಎರಡೂ ಕಡೆ ಸರಿಯಿದ್ದರೂ ಸೊಲೆನಾಯ್ಡಿನ ವಾಲ್ವ್ ಕಸಕ್ಕೆ ಸಿಕ್ಕಿ ಜಾಮ್ ಆಗಿರಬಹುದು, ಅದನ್ನು ಓಮ್ ಮೀಟರ್ ಹೇಳಲಾರದು.

ಬಂದು ಹೋಗುವ ದೋಷ

ಗ್ಯಾರೇಜಿಗೆ ಒಯ್ದಾಗ ಮಾಯವಾಗಿ, ದಾರಿಯಲ್ಲಿ ಮತ್ತೆ ಬರುವ ದೋಷವೇ ಎಲ್ಲಕ್ಕಿಂತ ಕಾಡುವಂಥದ್ದು. ಇದಕ್ಕೆ ಒಂದು ಚೀಟಿ ಇಟ್ಟುಕೊಳ್ಳುವುದು ಒಳ್ಳೆಯದು. ಮಳೆ ಬಂದಾಗಲೇ? ಎಂಜಿನ್ ಕಾದ ಮೇಲೆಯೇ? ಎಡಕ್ಕೆ ತಿರುಗುವಾಗಲೇ? ಎಸಿ ಹಾಕಿದಾಗಲೇ? ಮಳೆಯಲ್ಲಿ ಬರುವುದು ಕಪ್ಲರಿನ ದೋಷ, ಕಾದಾಗ ಬರುವುದು ಸೆನ್ಸರ್ ಅಥವಾ ಕಂಪ್ಯೂಟರಿನೊಳಗಿನ ಬೆಸುಗೆಯ ದೋಷ, ಅಲುಗಿದಾಗ ಬರುವುದು ಲೂಸ್ ಕನೆಕ್ಷನ್ ಇರುವ ಸಾಧ್ಯತೆ ಹೆಚ್ಚು. ಎಂಜಿನ್ ಆಫ್ ಮಾಡಿ, ಕೀಲಿ ಮಾತ್ರ ಆನ್ ಇಟ್ಟು, ಸ್ಕ್ಯಾನರಿನಲ್ಲಿ ಆ ಸಂಕೇತವನ್ನು ನೋಡುತ್ತ ವೈರಿನ ಕಂತೆಯನ್ನು ಒಂದೊಂದು ಗೇಣು ಮೆಲ್ಲಗೆ ಅಲುಗಿಸುತ್ತ ಹೋಗುವುದು ಹಳೆಯ ಉಪಾಯ. ಅಂಕಿ ಜಿಗಿದ ಕಡೆ ಕೈ ನಿಲ್ಲಿಸಿ. ಬ್ಯಾಟರಿ ತಟ್ಟೆಯ ಕೆಳಗೆ, ಬಾಗಿಲ ಸಂದಿನಲ್ಲಿ, ಬ್ರಾಕೆಟ್ಟಿಗೆ ಉಜ್ಜುವಲ್ಲಿ ವೈರು ಬೇಗ ಹಾಳಾಗುತ್ತದೆ.

ರಾತ್ರಿ ನಿಲ್ಲಿಸಿದ ಕಾರಿನ ಬ್ಯಾಟರಿ ಬೆಳಗ್ಗೆ ಇಳಿದಿದ್ದರೆ ಏನೋ ಒಂದು ಕದ್ದು ಕರೆಂಟ್ ಎಳೆಯುತ್ತಿದೆ. ಬಾಗಿಲು ಮುಚ್ಚಿ ಕಂಪ್ಯೂಟರ್‌ಗಳು ನಿದ್ದೆಗೆ ಜಾರುವವರೆಗೆ ಕಾದು, ಕೆಲವು ಕಾರುಗಳಲ್ಲಿ ಇದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಕು, ನೆಗೆಟಿವ್ ದಾರಿಯಲ್ಲಿ ಕರೆಂಟ್ ಅಳೆದರೆ 50 ಮಿಲಿಆಂಪಿಯರ್ ಒಳಗಿರಬೇಕು. ಅರ್ಧ ಆಂಪಿಯರ್ ಇದ್ದರೆ ದಿನಕ್ಕೆ 12 ಆಂಪಿಯರ್ ಅವರ್ ಖಾಲಿ. 45 ಆಂಪಿಯರ್ ಅವರಿನ ಬ್ಯಾಟರಿ ಎರಡು ದಿನಕ್ಕೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಕೈ ಹಾಕುವ ಮುನ್ನ

ಫ್ಯೂಸ್ ಪದೇಪದೇ ಹೋಗುತ್ತಿದೆ ಎಂದು ದೊಡ್ಡ ಫ್ಯೂಸ್ ಹಾಕಬೇಡಿ. ಕೆಂಪು 10 ಆಂಪಿಯರಿನ ಜಾಗಕ್ಕೆ ಹಸಿರು 30 ಹಾಕಿದರೆ ಮುಂದಿನ ಸಲ ಸುಡುವುದು ವೈರು. ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ಪರೀಕ್ಷಿಸಲೆಂದು ಬ್ಯಾಟರಿಯ ಕೇಬಲ್ ಕಳಚುವ ಹಳೆಯ ಅಭ್ಯಾಸವನ್ನು ಪೂರ್ತಿ ಬಿಡಬೇಕು. ಆ ಕ್ಷಣ ವೋಲ್ಟೇಜ್ ಹತ್ತಾರು ವೋಲ್ಟಿಗೆ ಚಿಮ್ಮಿ ಕಂಪ್ಯೂಟರ್‌ಗಳನ್ನು ಕೊಲ್ಲಬಲ್ಲದು. ಹಳದಿ ಬಣ್ಣದ ಕಪ್ಲರು, ಹಳದಿ ಹೊದಿಕೆಯ ವೈರು ಏರ್‌ಬ್ಯಾಗಿನದು, ಅದಕ್ಕೆ ಮೀಟರ್ ಕಡ್ಡಿಯನ್ನಾಗಲಿ ಟೆಸ್ಟ್ ಲ್ಯಾಂಪನ್ನಾಗಲಿ ತಾಗಿಸಲೇಬಾರದು.

ವಿದ್ಯುತ್ ಎಲ್ಲ ಸರಿಯಿದ್ದರೆ

ಇಷ್ಟೆಲ್ಲ ನೋಡಿದ ಮೇಲೂ ದೋಷ ಉಳಿದರೆ ಎಣ್ಣೆಯ ಕಡೆಗೆ ಹೋಗಬೇಕು. ಮಟ್ಟ ನೋಡುವ ವಿಧಾನ ಕಾರಿನಿಂದ ಕಾರಿಗೆ ಬೇರೆ. ಹಲವದರಲ್ಲಿ ಎಂಜಿನ್ ಓಡುತ್ತಿರಬೇಕು, ಎಣ್ಣೆ ಇಂತಿಷ್ಟೇ ಬಿಸಿಯಿರಬೇಕು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಸುಟ್ಟಿವೆ. ಗುಲಾಬಿ ಬಣ್ಣದ ಮಜ್ಜಿಗೆಯಂತಾಗಿದ್ದರೆ ರೇಡಿಯೇಟರಿನ ಕೂಲಂಟ್ ಎಣ್ಣೆಗೆ ಸೇರಿದೆ. ಆ ಕಾರನ್ನು ಇನ್ನೊಂದು ಮೀಟರ್ ಕೂಡ ಓಡಿಸಬಾರದು. ಎಣ್ಣೆ ಕಡಿಮೆಯಿದ್ದರೆ ಕೈಪಿಡಿ ಹೇಳಿದ ಬಗೆಯದನ್ನೇ ಹಾಕಬೇಕು. ಸಿವಿಟಿ (ಗೇರುಗಳ ಬದಲು ಬೆಲ್ಟಿನಿಂದ ಅನುಪಾತ ಬದಲಿಸುವ) ಗೇರ್‌ಬಾಕ್ಸಿಗೆ ಮಾಮೂಲಿ ಆಟೊಮ್ಯಾಟಿಕ್ ಎಣ್ಣೆ ಹಾಕಿದರೆ ಅದರ ಬೆಲ್ಟ್ ಜಾರಿ ಹಾಳಾಗುತ್ತದೆ.

ಕೆಂಪು ದೀಪ, ಎಣ್ಣೆ ಕಾದ ದೀಪ, ಲೋಹ ಉಜ್ಜುವ ಸದ್ದು, ಸುಟ್ಟ ವಾಸನೆ, ಎಂಜಿನ್ ಕೂಗಿದರೂ ಕಾರು ಮುಂದೆ ಹೋಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ನಿಲ್ಲಿಸಿ. ಸಾಗಿಸುವಾಗ ಎಂಜಿನ್ ತಿರುಗಿಸುವ ಚಕ್ರಗಳು ನೆಲಕ್ಕೆ ತಾಗದಂತೆ ಫ್ಲಾಟ್‌ಬೆಡ್ ಗಾಡಿಯ ಮೇಲೆ ಹತ್ತಿಸಿ ಒಯ್ಯಬೇಕು. ಹೆಚ್ಚಿನ ಆಟೊಮ್ಯಾಟಿಕ್‌ಗಳಲ್ಲಿ ಎಣ್ಣೆಯ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತಿರುವಾಗ ಹಗ್ಗ ಕಟ್ಟಿ ಎಳೆದರೆ ಚಕ್ರದ ಜೊತೆ ಒಳಗಿನ ಗೇರುಗಳು ಎಣ್ಣೆಯಿಲ್ಲದೆ ಒಣಗಿಯೇ ತಿರುಗುತ್ತವೆ. ವೈರಿನ ದೋಷಕ್ಕೆ ನಿಂತ ಕಾರು ಗ್ಯಾರೇಜ್ ಸೇರುವಷ್ಟರಲ್ಲಿ ಗೇರ್‌ಬಾಕ್ಸನ್ನೂ ಕೆಡಿಸಿಕೊಂಡಿರುತ್ತದೆ.